ಹುತ್ರಿದುರ್ಗದ ಎತ್ತರ ಹುಡುಕುವಾಗ ಅರೇ ಗಡಿ ದಾಟಿದರೆ

ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ ಎಷ್ಟು ಎತ್ತರ ಅಂತ ಪ್ರೋಗ್ರಾಮ್ ಬರೆದು ನೋಡಬೇಕಾದರೆ 2000ರಲ್ಲಿ ಎಂಡೆವರ್ ನೌಕೆ ರೇಡಾರ್‌ನಿಂದ ಅಳೆದ ಎಸ್‌ಆರ್‌ಟಿಎಂ ದತ್ತಾಂಶ ಉಚಿತವಾಗಿ ಸಿಗುತ್ತೆ. ಒಂದು ಡಿಗ್ರಿ ಚೌಕಕ್ಕೆ ಒಂದು ಫೈಲ್. 3 ಆರ್ಕ್ ಸೆಕೆಂಡಿನ ಫೈಲಿನಲ್ಲಿ 1201 ಸಾಲು, 1201 ಕಾಲಂ. ಪ್ರತಿ ಎತ್ತರಕ್ಕೆ 2 ಬೈಟ್. ಮೊದಲ ಸಾಲು ಉತ್ತರದ ಅಂಚು.

ದುರ್ಗ ಇರೋದು ಸುಮಾರು 12 ಡಿಗ್ರಿ 57 ಮಿನಿಟು ಉತ್ತರ, 77 ಡಿಗ್ರಿ 7 ಮಿನಿಟು ಪೂರ್ವದಲ್ಲಿ. ಮಿನಿಟಿಗೆ 20 ಅಳತೆ. ಹಾಗಾಗಿ 13 ಡಿಗ್ರಿಯಿಂದ ಕೆಳಗೆ ಸಾಲು 60, ಕಾಲಂ 140. ಇಲ್ಲಿಯವರೆಗೆ ತೊಂದರೆ ಇಲ್ಲ.

ಈಗ ಇದೇ ಫೈಲಿನಲ್ಲಿ ಶಿವಗಂಗೆಯನ್ನು ಕೇಳೋಣ. ಅದು ಸುಮಾರು 13 ಡಿಗ್ರಿ 10 ಮಿನಿಟಿನಲ್ಲಿದೆ, ಅಂದರೆ ಪಕ್ಕದ ಫೈಲಿನಲ್ಲಿ. ಲೆಕ್ಕ ಕೊಡೋ ಸಾಲು -200. ಪೈಥಾನ್ ಇದನ್ನು ತಪ್ಪು ಅನ್ನೋದೇ ಇಲ್ಲ. ಕೊನೆಯಿಂದ ಎಣಿಸಿ 1001ನೇ ಸಾಲು ಕೊಡುತ್ತೆ. ಅದು ಕೊಳ್ಳೇಗಾಲದ ಅಕ್ಷಾಂಶ! ಬಂದ ಸಂಖ್ಯೆ ನಂಬುವಂತೆಯೇ ಇರುತ್ತೆ, ಅದೇ ಅಪಾಯ. ವೇಗಕ್ಕೆಂದು ಅದೇ ಇಂಡೆಕ್ಸನ್ನು ಸಿ ಫಂಕ್ಷನ್ನಿಗೆ ಕೊಟ್ಟರೆ, ಕಾಲಂ 260 ಆದಾಗ, ಅದು ಅರೇ ಶುರುವಾಗೋ ಜಾಗಕ್ಕಿಂತ 4,79,880 ಬೈಟ್ ಹಿಂದೆ ಹೋಗಿ ಓದುತ್ತೆ. ಕಸ ಬರಬಹುದು, ಇಲ್ಲವೇ ಇಡೀ ಪ್ರೋಸೆಸ್ಸೇ ಸಾಯಬಹುದು. ಆಗ ಪೈಥಾನಿನ ಟ್ರೈ-ಎಕ್ಸೆಪ್ಟ್ ಏನೂ ಮಾಡಲಾರದು, ಹಿಡಿಯೋಕೆ ಪೈಥಾನೇ ಉಳಿದಿರೋದಿಲ್ಲ. ಕಾಲಂ 1201 ಕೇಳಿದರೆ ಇನ್ನೂ ಮೋಸ: ಮುಂದಿನ ಸಾಲಿನ ಮೊದಲ ಅಳತೆ ಸದ್ದಿಲ್ಲದೆ ಬಂದುಬಿಡುತ್ತೆ.

ಜಾವಾ ಎಕ್ಸೆಪ್ಶನ್ ಎಸೆಯುತ್ತೆ, ರಸ್ಟ್ ಪ್ಯಾನಿಕ್ ಆಗುತ್ತೆ, ಜಾವಾಸ್ಕ್ರಿಪ್ಟ್ ಅನ್‌ಡಿಫೈನ್ಡ್ ಅನ್ನುತ್ತೆ. ಫೋರ್ಟ್ರಾನ್ ಸಾಮಾನ್ಯವಾಗಿ 1ರಿಂದ ಎಣಿಸುತ್ತೆ, ಜೊತೆಗೆ ಕಾಲಂ ಕಾಲಂ ಆಗಿ ಜೋಡಿಸುತ್ತೆ. ಹೀಗಾಗಿ ಒಂದು ಭಾಷೆಯ ಎಕ್ಸೆಪ್ಶನ್ ಇನ್ನೊಂದರೊಳಗೆ ತಾನಾಗಿ ದಾಟುತ್ತೆ ಅಂತ ನೆಚ್ಚಿಕೊಳ್ಳಬಾರದು.

ನಮ್ಮ ಪ್ರಕಾರ ತಪಾಸಣೆ ಗಡಿಯ ಬಾಗಿಲಲ್ಲೇ ಆಗಬೇಕು. ಸಿ ಫಂಕ್ಷನ್ ಪಾಯಿಂಟರ್ ಜೊತೆ ಅರೇಯ ಅಳತೆಯನ್ನೂ ಪಡೆಯಲಿ. ಸಾಲು, ಕಾಲಂ ಎರಡನ್ನೂ ಬೇರೆ ಬೇರೆ ನೋಡಲಿ. ಗುಣಿಸಿ ಬಂದ ಒಂದೇ ಇಂಡೆಕ್ಸನ್ನು ನೋಡಿದರೆ 1201ನೇ ಕಾಲಂ ಸಿಕ್ಕಿಬೀಳಲ್ಲ. ಫಂಕ್ಷನ್ ಹಿಂತಿರುಗಿಸೋದು ಸ್ಥಿತಿಯ ಸಂಕೇತ ಮಾತ್ರ: 0 ಅಂದರೆ ಸರಿ, 1 ಅಂದರೆ ಗಡಿ ದಾಟಿದೆ. ಎತ್ತರ ಬೇರೆ ಪಾಯಿಂಟರ್ ಮೂಲಕ ಬರಲಿ. ಎತ್ತರದ ಜಾಗದಲ್ಲೇ -1 ಕಳಿಸೋಣ ಅಂದ್ರೆ ಆಗಲ್ಲ, ಸಮುದ್ರಮಟ್ಟಕ್ಕಿಂತ ಕೆಳಗಿನ ನೆಲವೂ ಇದೆಯಲ್ಲ. -32768 ಕೂಡ ಬೇಡ. ಈ ಫೈಲಿನಲ್ಲಿ ಅದರ ಅರ್ಥ 'ಇಲ್ಲಿ ಅಳತೆ ಸಿಕ್ಕಿಲ್ಲ' ಅಂತ. ಇಂಡೆಕ್ಸ್ ತಪ್ಪಾಗೋದು ಬೇರೆ, ಅಳತೆ ಇಲ್ಲದಿರೋದು ಬೇರೆ.

ಪೈಥಾನ್ ಕಡೆಯ ಪುಟ್ಟ ಫಂಕ್ಷನ್ ಆ 1ನ್ನು ನೋಡಿ ಇಂಡೆಕ್ಸ್‌ಎರರ್ ಎಬ್ಬಿಸಲಿ, ಸಂದೇಶದಲ್ಲಿ ಅಕ್ಷಾಂಶ, ರೇಖಾಂಶ, ಫೈಲಿನ ಹೆಸರು ಇರಲಿ. ಸಿ++ ಆದರೆ ಪೈಬೈಂಡ್11 ಈ ಕೆಲಸ ಸ್ವಲ್ಪ ಹಗುರ ಮಾಡುತ್ತೆ. ಔಟ್-ಆಫ್-ರೇಂಜ್ ಎಕ್ಸೆಪ್ಶನ್ನನ್ನು ಅದೇ ಇಂಡೆಕ್ಸ್‌ಎರರ್ ಆಗಿ ಬದಲಿಸುತ್ತೆ.

ಪರೀಕ್ಷೆಗೆ -1, 0, 1200, 1201 ಈ ನಾಲ್ಕನ್ನೂ ಸಾಲಿಗೊಮ್ಮೆ, ಕಾಲಂಗೊಮ್ಮೆ ಕೊಟ್ಟು ನೋಡಿ. ಆಮೇಲೆ ಶಿವಗಂಗೆ.