ಟವರ್ ಪಕ್ಕದ ಕೊಟ್ಟಿಗೆ

ಸಹೋದರಿಯರೇ, ಹಾಲು ಇಳಿದರೆ ಊರಿನ ಮೊಬೈಲ್ ಟವರ್ ಮೇಲೆ ಅನುಮಾನ ಬರುವುದು ಸಹಜ. ಅದಕ್ಕೂ ಅಳತೆ ಇದೆ. ನಾವು ಓಡಾಡುವ ಜಾಗದಲ್ಲಿ ತರಂಗದ ಬಲ ಚದರ ಮೀಟರಿಗೆ ಎಷ್ಟು ವ್ಯಾಟ್ ಎಂದು ಅಳೆಯುತ್ತಾರೆ. 900 ಮೆಗಾಹರ್ಟ್ಸ್ ತರಂಗಕ್ಕೆ ಅಂತರರಾಷ್ಟ್ರೀಯ ಮಿತಿ 4.5 ವ್ಯಾಟ್. ಭಾರತ 2012ರ ಸೆಪ್ಟೆಂಬರ್ 1ರಿಂದ ಅದನ್ನು ಹತ್ತನೇ ಒಂದಕ್ಕೆ, ಅಂದರೆ 0.45ಕ್ಕೆ ಇಳಿಸಿತು. ಇದು ಮನುಷ್ಯರಿಗಾಗಿ ಇಟ್ಟ ಮಿತಿ. ದೂರಸಂಪರ್ಕ ಇಲಾಖೆಯ ‘ತರಂಗ್ ಸಂಚಾರ್’ ಜಾಲತಾಣದಲ್ಲಿ ಶುಲ್ಕ ಕಟ್ಟಿ ಅಳತೆ ಮಾಡಿಸಬಹುದು.

ಕೂಡ್ಲಿಗಿಯಿರಲಿ, ಹರಪನಹಳ್ಳಿಯಿರಲಿ, ಅಳತೆಯಾಗಲಿ ಎಂದು ಕಾಯಬೇಡಿ. ಹಾಲು ಇಳಿದ ದಿನವೇ ಕೆಚ್ಚಲು ಮುಟ್ಟಿ ನೋಡಿ: ಬಿಸಿ, ಊತ, ಗಟ್ಟಿ ಇದೆಯೇ? ಮೊದಲ ಹಾಲನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ. ಚೂರು ಕಂಡರೆ ಅದು ಕೆಚ್ಚಲುಬಾವು, ಕೂಡಲೇ ಪಶುವೈದ್ಯರನ್ನು ಕರೆಸಿ. ನೀರು, ಮೇವು, ನೆರಳನ್ನೂ ಗಮನಿಸಿ. ಟವರನ್ನು ದೂರುತ್ತಾ ದಿನ ಕಳೆದರೆ ಒಂದು ಮೊಲೆಯೇ ಬತ್ತಿಹೋದೀತು.