ಪುಟ್ಟ ಪೈಯಲ್ಲಿ ಒಂದು ಕರ್ನಲ್ ಮಾಡ್ಯೂಲ್



ಪೆನ್‌ಡ್ರೈವ್ ಹಾಕಿದ ಕೂಡಲೇ ಫೈಲುಗಳು ಕಾಣಿಸುತ್ತವೆ. ಆದರೆ ಅದರೊಳಗೆ ಇರುವುದು ಬರೀ ಸೊನ್ನೆ-ಒಂದುಗಳ ಸಾಲು. ಆ ಸಾಲನ್ನು ಫೈಲು, ಫೋಲ್ಡರು ಎಂದು ಓದಿಕೊಡುವುದು ಫೈಲ್ ಸಿಸ್ಟಮ್. ಲಿನಕ್ಸ್‌ನಲ್ಲಿ ಈ ಕೆಲಸ ಸಾಮಾನ್ಯವಾಗಿ ಕರ್ನಲ್‌ನದು. ಇರುವ ಎಲ್ಲ ಫೈಲ್ ಸಿಸ್ಟಮ್‌ಗಳನ್ನೂ ಕರ್ನಲ್ ಸದಾ ಹೊತ್ತುಕೊಂಡಿರುವುದಿಲ್ಲ. ಹಲವನ್ನು ಬೇಕಾದಾಗ ಜೋಡಿಸಿ ಬೇಡವಾದಾಗ ತೆಗೆಯಬಹುದು. ಅಂಥ ತುಂಡುಗಳೇ ಮಾಡ್ಯೂಲ್‌ಗಳು. ಲ್ಯಾಬಿನ ರಾಸ್ಪ್‌ಬೆರಿ ಪೈಯಲ್ಲಿ ಒಂದನ್ನು ನಾವೇ ಕಂಪೈಲ್ ಮಾಡಿದೆವು.

ನಾನು ಆರಿಸಿದ್ದು ಮಿನಿಕ್ಸ್. ಆಂಡ್ರ್ಯೂ ಟಾನೆನ್‌ಬಾಮ್ ಪಾಠಕ್ಕೆಂದೇ 1987ರಲ್ಲಿ ಹೊರತಂದ ಮಿನಿಕ್ಸ್ ಆಪರೇಟಿಂಗ್ ಸಿಸ್ಟಮ್‌ನದು ಇದು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆದಾಗ ಮೊದಲು ಬಳಸಿದ್ದೂ ಇದನ್ನೇ. ಆಗ ಡಿಸ್ಕ್ 64 ಎಂಬಿ ಮೀರುವಂತಿರಲಿಲ್ಲ, ಫೈಲಿನ ಹೆಸರು 14 ಬೈಟ್ ಮೀರುವಂತಿರಲಿಲ್ಲ. ಇವತ್ತು ದಿನಬಳಕೆಗೆ ಇದು ಬೇಕಿಲ್ಲ. ಆದರೆ ಇಡೀ ಮಾಡ್ಯೂಲ್ ಬೆರಳೆಣಿಕೆಯ ಸಿ ಫೈಲುಗಳಲ್ಲಿ ಮುಗಿಯುತ್ತದೆ, ಕುಳಿತು ಓದಬಹುದು.

ಇಡೀ ಕರ್ನಲ್ ಕಂಪೈಲ್ ಮಾಡುವ ಅಗತ್ಯವಿಲ್ಲ. ಹಳೆಯ ಪೈಗಳಲ್ಲಿ ಅದನ್ನು ಜುಮಾಕ್ಕೆ ಮುಂಚೆ ಶುರು ಮಾಡಿದರೆ ಅಸರ್ ಹೊತ್ತಿಗೂ ಮುಗಿಯುವುದಿಲ್ಲ. ಬೇಕಾದದ್ದು ಮೂರು: ಕಂಪೈಲರ್, ಈಗ ಓಡುತ್ತಿರುವ ಕರ್ನಲ್‌ನ ಹೆಡರ್ ಫೈಲುಗಳು, ಅದೇ ಆವೃತ್ತಿಯ ಮೂಲದಿಂದ ಮಿನಿಕ್ಸ್ ಫೋಲ್ಡರ್. ಹೆಡರ್ ಪ್ಯಾಕೇಜಿನಲ್ಲಿ ಸಿ ಫೈಲುಗಳು ಇರುವುದಿಲ್ಲವಾದ್ದರಿಂದ ಮೂರನೆಯದನ್ನು ಬೇರೆಯಾಗಿ ತರಬೇಕು. 'ಯುನೇಮ್' ಆಜ್ಞೆಗೆ ಮೈನಸ್ ಆರ್ ಸೇರಿಸಿ ಕೊಟ್ಟರೆ ಆವೃತ್ತಿ ತಿಳಿಯುತ್ತದೆ. ನಂತರ 'ಮೇಕ್'ಗೆ ಹೆಡರ್‌ಗಳ ಜಾಗ, ನಮ್ಮ ಫೋಲ್ಡರ್‌ನ ಜಾಗ ಎರಡನ್ನೂ ತಿಳಿಸಿ, ಮಿನಿಕ್ಸ್‌ನ ಕಾನ್ಫಿಗ್ ಆಯ್ಕೆಗೆ 'ಎಂ' ಎಂದು ಕೊಟ್ಟೆವು. ಎಂ ಎಂದರೆ ಮಾಡ್ಯೂಲ್. 'ವೈ' ಎಂದಿದ್ದರೆ ಕರ್ನಲ್‌ನೊಳಗೇ ಸೇರಿಸು ಎಂದರ್ಥ. ಕೊನೆಯಲ್ಲಿ ಡಾಟ್ ಕೆಓ ಎಂದು ಮುಗಿಯುವ ಫೈಲು ಸಿಕ್ಕಿತು. 'ಇನ್ಸ್‌ಮಾಡ್' ಅದನ್ನು ಜೋಡಿಸಿತು. ಪ್ರಾಕ್ ಫೋಲ್ಡರಿನ ಫೈಲ್‌ಸಿಸ್ಟಮ್ಸ್ ಪಟ್ಟಿಯಲ್ಲಿ ಮಿನಿಕ್ಸ್ ಹೆಸರು ಬಂತು.

ಬಳಿಕ ಬೇಕೆಂದೇ ಬೇರೆ ಆವೃತ್ತಿಯ ಕರ್ನಲ್‌ಗೆ ಕಂಪೈಲ್ ಮಾಡಿದ ಮಾಡ್ಯೂಲ್ ಕೊಟ್ಟು ನೋಡಿದೆವು. ಮಾಡ್ಯೂಲ್‌ನ ರೂಪ ಸರಿಯಿಲ್ಲ ಎಂದು ಕರ್ನಲ್ ನಿರಾಕರಿಸಿತು. ಪ್ರತಿ ಮಾಡ್ಯೂಲ್‌ನಲ್ಲೂ ತಾನು ಯಾವ ಕರ್ನಲ್‌ಗೆ ಸೇರಿದ್ದು ಎಂಬ ಗುರುತು ಇರುತ್ತದೆ. 'ವರ್‌ಮ್ಯಾಜಿಕ್' ಅಂತ ಅದರ ಹೆಸರು. "ಸರ್, ಫೋರ್ಸ್ ಮಾಡೋ ಆಪ್ಷನ್ ಇದೆಯಲ್ವಾ?" ಎಂದು ದ್ವಿತೀಯ ಪಿಯುಸಿಯ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಇದೆ. ಆದರೆ ಕರ್ನಲ್‌ನ ಒಂದು ಸ್ಟ್ರಕ್ಚರ್‌ಗೆ ಹೊಸ ಆವೃತ್ತಿಯಲ್ಲಿ 8 ಬೈಟಿನ ಒಂದು ಸದಸ್ಯ ಸೇರಿದೆ ಎಂದುಕೊಳ್ಳಿ. ಅದರ ಮುಂದಿನದೆಲ್ಲ 8 ಬೈಟ್ ಸರಿಯುತ್ತದೆ. ಹಳೆಯ ಮಾಡ್ಯೂಲ್‌ಗೆ ಇದು ಗೊತ್ತಿಲ್ಲ, ಹಳೆಯ ಜಾಗದಲ್ಲೇ ಬರೆಯುತ್ತದೆ. ಸಾಮಾನ್ಯ ಪ್ರೋಗ್ರಾಮ್ ಹೀಗೆ ಮಾಡಿದರೆ ಅದೊಂದೇ ಬೀಳುತ್ತದೆ. ಕರ್ನಲ್‌ನೊಳಗೆ ಅಂಥ ಗೋಡೆಯಿಲ್ಲ. ಮೆಮೊರಿಯಲ್ಲಿ ಕೆಟ್ಟದ್ದು ಸದ್ದಿಲ್ಲದೆ ಡಿಸ್ಕಿಗೂ ಇಳಿಯಬಹುದು. ಆ ಪೈಯ ಕಾರ್ಡಿನಲ್ಲೇ ಅವಳ ಪ್ರಾಜೆಕ್ಟೂ ಇತ್ತು. "ಬೇಡ ಸರ್" ಎಂದಳು.

ಅದೇ ಕಾರಣಕ್ಕೆ ಪರೀಕ್ಷೆಗೂ ನಿಜವಾದ ಡಿಸ್ಕ್ ಬಳಸಲಿಲ್ಲ. 10 ಎಂಬಿಯ ಖಾಲಿ ಫೈಲೊಂದನ್ನು ಮಾಡಿ, ಅದನ್ನೇ ಮಿನಿಕ್ಸ್ ಆಗಿ ಫಾರ್ಮ್ಯಾಟ್ ಮಾಡಿ, ಲೂಪ್ ಆಯ್ಕೆಯೊಂದಿಗೆ ಮೌಂಟ್ ಮಾಡಿದೆವು. ಈಗಿನ ಫಾರ್ಮ್ಯಾಟ್ ಆಜ್ಞೆ ಹೆಸರಿಗೆ 30 ಬೈಟ್ ಬಿಡುತ್ತದೆ. ಇಂಗ್ಲಿಷಿನಲ್ಲಿ ಅದು 30 ಅಕ್ಷರ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್. ಗುಣಿತದ ಗುರುತು, ಒತ್ತಕ್ಷರದ ಅರ್ಧಾಕ್ಷರ ಚಿಹ್ನೆ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. 'ವಿದ್ಯಾರ್ಥಿ' ಎಂಬ ಹೆಸರು ಸರಿಯಾಗಿ 10 ಚಿಹ್ನೆ, 30 ಬೈಟ್: ಒಪ್ಪಿಗೆಯಾಯಿತು. 'ವಿದ್ಯಾರ್ಥಿನಿ' 36 ಬೈಟ್: ಹೆಸರು ಉದ್ದವಾಯಿತೆಂದು ಮಿನಿಕ್ಸ್ ತಳ್ಳಿಹಾಕಿತು. ಹುಡುಗಿಯರ ಸಾಲಿನಿಂದ ಬಂದ ಪ್ರತಿಭಟನೆ ನ್ಯಾಯವಾದದ್ದೇ! ಆ ಮಿತಿಯನ್ನು ಪರೀಕ್ಷಿಸುವ ಸಾಲು ನೇಮಿ ಡಾಟ್ ಸಿ ಫೈಲಿನಲ್ಲಿದೆ, ಹುಡುಕಿ ನೋಡಿ.

ಮೌಂಟ್ ಆಗಿರುವಾಗ ಮಾಡ್ಯೂಲ್ ತೆಗೆಯಲು ಬರುವುದಿಲ್ಲ. ಮೊದಲು ಅನ್‌ಮೌಂಟ್, ಆಮೇಲೆ 'ಆರ್‌ಎಂಮಾಡ್'. ಪೈಯನ್ನು ಅಪ್‌ಡೇಟ್ ಮಾಡಿ ಹೊಸ ಕರ್ನಲ್ ಬಂದರೆ ನಮ್ಮ ಮಾಡ್ಯೂಲ್ ಅದಕ್ಕೆ ಹೊಂದುವುದಿಲ್ಲ, ಹೊಸ ಹೆಡರ್‌ಗಳೊಂದಿಗೆ ಮತ್ತೆ ಕಂಪೈಲ್ ಮಾಡಬೇಕು. ಇದನ್ನು ತಾನಾಗಿಯೇ ಮಾಡುವ ಡಿಕೆಎಂಎಸ್ ಎಂಬ ಸಾಧನವಿದೆ, ಆದರೆ ಮೊದಲೆರಡು ಸಲ ಕೈಯಾರೆ ಮಾಡಿ.