ಪರ್ಫೆಕ್ಟ್ ಆಗಲೇಬೇಕೆಂಬ ಯೋಚನೆಗೆ ಒಂದು ಟೆಸ್ಟ್

ಇಂಟರ್ನಲ್ಸ್ ಹತ್ತಿರ ಬಂದಾಗ ಹಾಸ್ಟೆಲಿನಲ್ಲಿ ಎರಡು ರೀತಿಯವರು ಓದದೆ ಕೂತಿರುತ್ತಾರೆ. ಒಬ್ಬರಿಗೆ ಚಿಂತೆಯೇ ಇಲ್ಲ. ಇನ್ನೊಬ್ಬರಿಗೆ ಎಷ್ಟು ಚಿಂತೆ ಅಂದ್ರೆ ಪುಸ್ತಕ ತೆರೆಯೋಕೇ ಭಯ. "ಪೂರ್ತಿ ಸಿಲಬಸ್ ಚೆನ್ನಾಗಿ ಮುಗಿಸೋಕೆ ಆಗಲ್ಲ ಅಂದ್ಮೇಲೆ ಓದಿ ಏನು ಪ್ರಯೋಜನ?" ಎನ್ನುವುದು ಅವರ ಲೆಕ್ಕ. ಹೊರಗಿನಿಂದ ನೋಡಿದರೆ ಇಬ್ಬರೂ ಸೋಮಾರಿಗಳ ಹಾಗೇ ಕಾಣ್ತಾರೆ. ಈ ಲೇಖನ ಎರಡನೆಯವರಿಗಾಗಿ.

ಒಳ್ಳೆಯ ಕೆಲಸ ಮಾಡಬೇಕು ಅನ್ನೋ ಆಸೆಯಲ್ಲಿ ತಪ್ಪಿಲ್ಲ. "ಕೆಲಸದಲ್ಲಿ ತಪ್ಪಾದರೆ ನಾನೇ ಪ್ರಯೋಜನಕ್ಕೆ ಬಾರದವನು" ಎಂಬ ನಿಯಮ ಅದರ ಜೊತೆ ಸೇರಿಕೊಂಡಾಗ ತೊಂದರೆ ಶುರು. ಆಗ ಒಂದು ಗೀಟು ಬಿದ್ದರೂ ರೆಕಾರ್ಡಿನ ಪುಟ ಹರಿದು ಮತ್ತೆ ಬರೀತೀವಿ. ಕ್ಲಾಸಿನಲ್ಲಿ ಡೌಟ್ ಕೇಳಲ್ಲ. ಮುಗಿದ ಅಸೈನ್‌ಮೆಂಟನ್ನೂ "ಇನ್ನೊಮ್ಮೆ ನೋಡೋಣ" ಅಂತ ಸಬ್ಮಿಟ್ ಮಾಡದೆ ಇಟ್ಕೊಳ್ತೀವಿ.

ಇದಕ್ಕೆ ಉಪಯೋಗಕ್ಕೆ ಬರುವ ಒಂದು ವಿಧಾನ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಚಿಕ್ಕದಾಗಿ ಸಿಬಿಟಿ. 1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರು ಇದಕ್ಕೆ ಅಡಿಪಾಯ ಹಾಕಿದರು. ತಮ್ಮ ರೋಗಿಗಳ ತಲೆಯಲ್ಲಿ ತಾವಾಗಿಯೇ ಬಂದುಹೋಗುವ ಯೋಚನೆಗಳನ್ನು ಅವರು ಗಮನಿಸಿದರು. ಆ ಯೋಚನೆಗಳನ್ನು ರೋಗಿಗಳು ಪರೀಕ್ಷಿಸದೆ ನಿಜ ಅಂತ ನಂಬಿಬಿಡುತ್ತಿದ್ದರು. ಸಿಬಿಟಿಯ ಮೂಲ ಮಾತು ಇಷ್ಟೇ: ಯೋಚನೆ ಎನ್ನುವುದು ಒಂದು ಊಹೆ, ಅದನ್ನು ಪರೀಕ್ಷೆ ಮಾಡಬಹುದು.

ಇಲ್ಲಿ ಒಂದು ಫೀಡ್‌ಬ್ಯಾಕ್ ಲೂಪ್ ಇದೆ. "ಡೌಟ್ ಕೇಳಿದರೆ ಎಲ್ಲರೂ ನಗ್ತಾರೆ" ಅಂತ ಯೋಚನೆ ಬರುತ್ತೆ. ಎದೆ ಹೊಡ್ಕೊಳ್ಳುತ್ತೆ. ಸುಮ್ಮನೆ ಕೂರ್ತೀವಿ, ತಕ್ಷಣ ಸಮಾಧಾನ ಆಗುತ್ತೆ. ಆದರೆ ಕೇಳಿದ್ದರೆ ನಿಜವಾಗಿ ನಗ್ತಿದ್ರಾ ಅಂತ ಗೊತ್ತಾಗಲೇ ಇಲ್ಲ. ಹಾಗಾಗಿ ಯೋಚನೆ ಹಾಗೇ ಉಳಿಯಿತು, ಮುಂದಿನ ಸಲ ಇನ್ನೂ ಗಟ್ಟಿಯಾಗಿ ಬರುತ್ತೆ.

ಈ ಲೂಪ್ ಮುರಿಯಲು ಎರಡು ಸಾಧನಗಳಿವೆ. ಮೊದಲನೆಯದು ಯೋಚನೆಯನ್ನು ಬರೆಯುವುದು. ಉದಾಹರಣೆಗೆ:

ಸಂದರ್ಭ: ಮೊದಲ ಇಂಟರ್ನಲ್ಸ್‌ನಲ್ಲಿ 30ಕ್ಕೆ 17 ಬಂತು.
ಯೋಚನೆ: ನನಗೆ ಇಂಜಿನಿಯರಿಂಗ್ ಆಗಲ್ಲ. ನಂಬಿಕೆ 90%.
ಭಾವನೆ: ಆತಂಕ, 100ಕ್ಕೆ 80.
ಪರವಾಗಿ ಸಾಕ್ಷಿ: ಎರಡು ಪ್ರಶ್ನೆ ಬರೆಯೋಕೇ ಆಗಲಿಲ್ಲ.
ವಿರುದ್ಧ ಸಾಕ್ಷಿ: ಬರೆದ ಉತ್ತರಗಳಿಗೆ ಒಳ್ಳೆಯ ಅಂಕ ಬಂದಿದೆ. ಲ್ಯಾಬ್ ಚೆನ್ನಾಗಿ ಹೋಗ್ತಿದೆ.
ಸಮತೋಲನದ ಯೋಚನೆ: ಎರಡು ಟಾಪಿಕ್ ಓದಿರಲಿಲ್ಲ, ಅವನ್ನು ಓದಬೇಕು.
ಈಗ ಆತಂಕ: 50.

ಗಮನಿಸಿ, ಇದು "ಎಲ್ಲಾ ಒಳ್ಳೇದಾಗುತ್ತೆ" ಅಂತ ಹೇಳಿಕೊಳ್ಳೋದಲ್ಲ. 17 ಕಡಿಮೆಯೇ. ಆದರೆ 17ರಿಂದ "ನನಗೆ ಆಗಲ್ಲ" ಅನ್ನೋವರೆಗಿನ ಜಿಗಿತಕ್ಕೆ ಸಾಕ್ಷಿ ಇಲ್ಲ. ಆತಂಕ ಸೊನ್ನೆಗೆ ಇಳಿಯಬೇಕು ಅಂತಲೂ ಇಲ್ಲ, ಪುಸ್ತಕ ತೆರೆಯುವಷ್ಟು ಇಳಿದರೆ ಸಾಕು.

ಎರಡನೆಯದು ಪ್ರಯೋಗ. ಏನಾಗುತ್ತೆ ಅಂತ ಮೊದಲೇ ಬರೆದಿಟ್ಟುಕೊಳ್ಳಿ: "ಡೌಟ್ ಕೇಳಿದರೆ ಅರ್ಧ ಕ್ಲಾಸ್ ನಗುತ್ತೆ." ಆಮೇಲೆ ಕೇಳಿ. "ಸಾರಿ ಸರ್, ಸಿಲ್ಲಿ ಡೌಟು" ಅಂತ ಶುರು ಮಾಡಬೇಡಿ. ಹಾಗೆ ಮಾಡಿದರೆ, ಕ್ಷಮೆ ಕೇಳಿದ್ದಕ್ಕೇ ಬಚಾವಾದೆ ಅಂತ ಮನಸ್ಸು ಹೇಳುತ್ತೆ. ಎಷ್ಟು ಜನ ನಕ್ಕರು, ಬರೆಯಿರಿ. ಒಬ್ಬಿಬ್ಬರು ನಕ್ಕರು ಅಂತಲೇ ಇಟ್ಟುಕೊಳ್ಳೋಣ. ಆಗ ಇನ್ನೊಂದು ಪ್ರಶ್ನೆ ಉಳಿಯುತ್ತೆ: ಅದನ್ನು ತಡೆದುಕೊಳ್ಳೋಕೆ ಆಯ್ತಾ? ಎಷ್ಟು ನಿಮಿಷ ಬೇಜಾರಾಯ್ತು? ಈ ರೀಡಿಂಗ್ ಕೂಡ ಮುಖ್ಯ.

ಮಷಿನ್ ಡ್ರಾಯಿಂಗಿನಲ್ಲಿ ಶಾಫ್ಟಿನ ವ್ಯಾಸ ಬರೀ 20 ಮಿ.ಮೀ. ಅಂತ ಬರೆದರೆ ಸಾಲದು, ಟಾಲರೆನ್ಸ್ ಕೂಡ ಬೇಕು. ಅದನ್ನು ಬಿಗಿ ಮಾಡಿದಷ್ಟೂ ಖರ್ಚು ಜಾಸ್ತಿ. ಅದಕ್ಕೇ ಬೇರಿಂಗ್ ಕೂರುವ ಜಾಗಕ್ಕೆ ಬಿಗಿ, ಉಳಿದ ಕಡೆ ಸಡಿಲ. ನಮ್ಮ ಕೆಲಸಗಳಿಗೂ ಇದೇ ಪ್ರಶ್ನೆ ಕೇಳಬಹುದು. ಪ್ರಾಜೆಕ್ಟಿನ ಸರ್ಕ್ಯೂಟಿಗೆ ಬೇಕಾದ ಎಚ್ಚರ ರೆಕಾರ್ಡಿನ ಮಾರ್ಜಿನ್‌ಗೂ ಬೇಕಾ?

ಇದೆಲ್ಲ ಸ್ವಂತವಾಗಿ ಮಾಡಬಹುದಾದ ಅಭ್ಯಾಸ, ಚಿಕಿತ್ಸೆಗೆ ಬದಲಿ ಅಲ್ಲ. ವಾರಗಟ್ಟಲೆ ನಿದ್ದೆ, ಊಟ ಕೆಟ್ಟಿದ್ದರೆ, ಕ್ಲಾಸಿಗೆ ಹೋಗೋಕೇ ಆಗದಿದ್ದರೆ ಕೌನ್ಸೆಲರ್ ಅಥವಾ ವೈದ್ಯರನ್ನು ಕಾಣಿ. ಬದುಕೋದೇ ಬೇಡ ಅನ್ನೋ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ, ಯಾರಿಗಾದರೂ ಹೇಳಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಈ ವಾರ ಒಂದೇ ಒಂದು ಯೋಚನೆ ಆರಿಸಿಕೊಂಡು ಬರೆಯಿರಿ, ಒಂದೇ ಒಂದು ಪ್ರಯೋಗ ಮಾಡಿ. ಇದನ್ನು ನೀಟಾಗಿ ಬರೆಯಬೇಕು ಅಂತ ಹೊಸ ನೋಟ್‌ಬುಕ್ ಮಾತ್ರ ತರಬೇಡಿ. ಹಳೇ ರಫ್ ಬುಕ್ಕಿನ ಹಿಂದಿನ ಪುಟ ಸಾಕು.